ಸೂತ್ರಧಾರಿಯಿಂದ ಒಳಾಂಗಣ ವಿನ್ಯಾಸಕರವರೆಗೆ: ಮನೆಯ ಒಳಗನ್ನು ರೂಪಿಸುವವರ ಆಯ್ಕೆಯ ಚರಿತ್ರೆ

ಬಾದಾಮಿ ಚಾಲುಕ್ಯರ ಎರಡನೆಯ ವಿಕ್ರಮಾದಿತ್ಯನು ಕಂಚಿಯನ್ನು ಗೆದ್ದುದರ ನೆನಪಿಗಾಗಿ ಅವನ ರಾಣಿ ಲೋಕಮಹಾದೇವಿಯು 8ನೆಯ ಶತಮಾನದ ನಡುಭಾಗದಲ್ಲಿ ಪಟ್ಟದಕಲ್ಲಿನಲ್ಲಿ ಕಟ್ಟಿಸಿದ ವಿರೂಪಾಕ್ಷ ದೇವಾಲಯದ ಶಾಸನಗಳು ಅರಸು ಮನೆತನವನ್ನು ಹೊಗಳಿ ಸುಮ್ಮನಾಗದೆ, ಆ ಕಟ್ಟಡವನ್ನು ರೂಪಿಸಿದವರ ಹೆಸರುಗಳನ್ನೂ ಕಲ್ಲಿನಲ್ಲಿ ಉಳಿಸಿವೆ. ಅವುಗಳಲ್ಲಿ ಒಂದು ಅನಿವಾರಿತಾಚಾರಿ ಎಂಬ ಬಿರುದಿನ ಗುಂಡನೆಂಬ ಶಿಲ್ಪಿಗೆ ಪಟ್ಟ ಕಟ್ಟಿ ಗೌರವಿಸಿದುದನ್ನು ಹೇಳಿದರೆ, ಇನ್ನೊಂದು ಸರ್ವಸಿದ್ಧಿ ಆಚಾರಿಯನ್ನು ದಕ್ಷಿಣ ದೇಶದ ಸೂತ್ರಧಾರಿಯೆಂದು ಕರೆದು, ಮನೆ, ಅರಮನೆ, ವಾಹನ, ಆಸನ, ಮಂಚ ಇವೆಲ್ಲವುಗಳ ನಿರ್ಮಾಣದಲ್ಲಿ ಅವನ ಹಿರಿಮೆಯನ್ನು ಕೊಂಡಾಡುತ್ತದೆ. ಸೂತ್ರಧಾರಿ ಎಂದರೆ ಅಳತೆಯ ನೂಲನ್ನು ಕೈಯಲ್ಲಿ ಹಿಡಿದವನು, ಅಂದರೆ ಕಟ್ಟಡದ ಒಟ್ಟು ಆಲೋಚನೆಗೆ ಹೊಣೆಯಾದವನು. ಕಲ್ಲಿನ ಪ್ರಾಸಾದವನ್ನೂ ಕೂರುವ ಮಣೆಯನ್ನೂ ಮಲಗುವ ಮಂಚವನ್ನೂ ಒಬ್ಬನೇ ಆಚಾರಿಯ ಕೀರ್ತಿಗೆ ಸೇರಿಸಿ ಹೇಳಿದ ಈ ಶಾಸನವು, ಮನೆಯ ಹೊರಗು ಮತ್ತು ಒಳಗು ಎರಡು ಬೇರೆ ವೃತ್ತಿಗಳಾಗಿ ಒಡೆಯದಿದ್ದ ಕಾಲದ ಅಮೂಲ್ಯ ಸಾಕ್ಷಿಯಾಗಿದೆ. ಮನೆಗೆ ತಕ್ಕ ಒಳಾಂಗಣ ವಿನ್ಯಾಸಕರನ್ನು ಆರಿಸಿಕೊಳ್ಳುವುದು ಹೇಗೆಂಬ ಇಂದಿನ ಪ್ರಶ್ನೆಯ ಬೇರುಗಳನ್ನು ಹುಡುಕುವವರು ಈ ಶಾಸನದಿಂದಲೇ ಆರಂಭಿಸುವುದು ಉಚಿತ.

ಇಂಥ ಹೊಣೆಗಾರನನ್ನು ಆರಿಸುವ ಬಗೆಯನ್ನು ವಾಸ್ತುಗ್ರಂಥಗಳು ಗಂಭೀರವಾಗಿ ಚರ್ಚಿಸಿವೆ. ದಕ್ಷಿಣ ಭಾರತದ ಶಿಲ್ಪಪರಂಪರೆಗೆ ಆಧಾರವಾದ ಮಯಮತವು ಕಟ್ಟಡದ ಕೆಲಸಗಾರರನ್ನು ನಾಲ್ಕು ಬಗೆಯಾಗಿ ವಿಂಗಡಿಸುತ್ತದೆ: ಒಟ್ಟು ಕಾರ್ಯವನ್ನು ನಿರ್ದೇಶಿಸುವ ಸ್ಥಪತಿ, ನೂಲು ಮತ್ತು ಕೋಲುಗಳಿಂದ ಅಳತೆ ಹಾಕುವ ಸೂತ್ರಗ್ರಾಹಿ, ಮರ ಕಲ್ಲುಗಳನ್ನು ಕಡಿದು ಕೆತ್ತುವ ತಕ್ಷಕ, ಕೆತ್ತಿದ ಭಾಗಗಳನ್ನು ಜೋಡಿಸಿ ನಿಲ್ಲಿಸುವ ವರ್ಧಕಿ. ಸ್ಥಪತಿಯಲ್ಲಿರಬೇಕಾದ ಗುಣಗಳನ್ನು ಪಟ್ಟಿ ಮಾಡುವಾಗ ಈ ಗ್ರಂಥವು ಗಣಿತ, ಶಾಸ್ತ್ರ ಮತ್ತು ಚಿತ್ರರಚನೆಗಳ ಅರಿವನ್ನು ಕೇಳುವಷ್ಟೇ ಒತ್ತಾಗಿ, ಆಸೆಬುರುಕತನವಿಲ್ಲದ, ಮತ್ಸರವಿಲ್ಲದ, ದುರ್ವ್ಯಸನಗಳಿಗೆ ಸಿಲುಕದ, ನೇರ ನಡೆಯ ವ್ಯಕ್ತಿಯನ್ನು ಕೇಳುತ್ತದೆ. ಮನೆ ಕಟ್ಟಿಸುವವನ ಹಣ, ಕಾಲ ಮತ್ತು ನೆಮ್ಮದಿಗಳೆಲ್ಲ ಒಬ್ಬನ ಕೈಗೆ ಹೋಗುವುದರಿಂದ, ಕೈಚಳಕವನ್ನು ಮಾತ್ರ ನೋಡಿ ಕೆಲಸ ಒಪ್ಪಿಸುವುದು ಅಪಾಯವೆಂಬ ತಿಳಿವಳಿಕೆ ಈ ಪಟ್ಟಿಯ ಹಿಂದಿದೆ.

ಮನೆಯೊಳಗಿನ ವಸ್ತುಗಳೂ ಈ ಶಾಸ್ತ್ರದ ಎಲ್ಲೆಯೊಳಗೇ ಇದ್ದವು. 6ನೆಯ ಶತಮಾನದ ವರಾಹಮಿಹಿರನ ಬೃಹತ್ಸಂಹಿತೆಯಲ್ಲಿ ಮಂಚ ಮತ್ತು ಆಸನಗಳ ಲಕ್ಷಣಕ್ಕೆ ಮೀಸಲಾದ ಒಂದು ಅಧ್ಯಾಯವೇ ಇದ್ದು, ಚಂದನ, ದೇವದಾರು, ತೇಗ ಮೊದಲಾದ ಯಾವ ಯಾವ ಮರಗಳು ಅವಕ್ಕೆ ಯೋಗ್ಯವೆಂಬುದನ್ನು ಅದು ವಿವರಿಸುತ್ತದೆ. ಕನ್ನಡ ನಾಡಿನಲ್ಲಿಯೇ ಹುಟ್ಟಿದ ಮಾನಸೋಲ್ಲಾಸವು ಇನ್ನೂ ಹತ್ತಿರದ ಸಾಕ್ಷಿ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು 1129ರ ಸುಮಾರಿಗೆ ರಚಿಸಿದ ಈ ಸಂಸ್ಕೃತ ವಿಶ್ವಕೋಶವು ತಲಾ 20 ಅಧ್ಯಾಯಗಳ ಐದು ವಿಂಶತಿಗಳಾಗಿ ಹಂಚಿಕೆಯಾಗಿದ್ದು, ಮೂರನೆಯ ವಿಂಶತಿಯು ಗೃಹೋಪಭೋಗದಿಂದ, ಅಂದರೆ ಮನೆಯ ಸುಖದ ವಿಷಯದಿಂದಲೇ ಆರಂಭವಾಗುತ್ತದೆ. ಚಿತ್ರ ಬರೆಯುವ ಮೊದಲು ಗೋಡೆಯನ್ನು ನುಣುಪಾಗಿಸುವ ಕ್ರಮ, ಎಮ್ಮೆಯ ಚರ್ಮವನ್ನು ಕುದಿಸಿ ತಯಾರಿಸುವ ವಜ್ರಲೇಪವೆಂಬ ಅಂಟು, ಬಿಳಿಮಣ್ಣಿನ ಲೇಪ, ಬಣ್ಣಗಳ ತಯಾರಿಕೆ ಇವುಗಳನ್ನೆಲ್ಲ ಅಲ್ಲಿ ಹಂತಹಂತವಾಗಿ ಹೇಳಲಾಗಿದೆ. ಕಟ್ಟಿಸುವವನಿಗೆ ಕೆಲಸದ ಒಳಮರ್ಮ ತಿಳಿದಿರಬೇಕು, ತಿಳಿದಾಗಲೇ ಅವನು ಕೆಲಸಗಾರನನ್ನು ಸರಿಯಾಗಿ ಅಳೆಯಬಲ್ಲನು ಎಂಬ ನಂಬಿಕೆ, ಅರಸನೊಬ್ಬನು ಅಂಟು ಕುದಿಸುವ ವಿಧಾನವನ್ನು ಬರೆದಿಡುವುದರಲ್ಲಿಯೇ ವ್ಯಕ್ತವಾಗುತ್ತದೆ.

ಅರಮನೆಯಿಂದ ಹಳ್ಳಿಗೆ ಬಂದರೆ ಆಯ್ಕೆಯ ರೀತಿ ಬೇರೆಯಾಗಿತ್ತು. ಊರಿನ ಸಾಮೂಹಿಕ ಅಗತ್ಯಗಳನ್ನು ವಂಶಪಾರಂಪರ್ಯವಾಗಿ ಪೂರೈಸುತ್ತಿದ್ದವರನ್ನು ಆಯಗಾರರೆಂದು ಕರೆಯಲಾಗುತ್ತಿತ್ತು. ಸುಗ್ಗಿಯಲ್ಲಿ ಕಣದಿಂದ ಅವರಿಗೆ ಸಲ್ಲುತ್ತಿದ್ದ ಧಾನ್ಯದ ಪಾಲೇ ಆಯ. ಹನ್ನೆರಡು ಆಯಗಾರರಲ್ಲಿ ಬಡಗಿ ಮತ್ತು ಕಮ್ಮಾರ ಇಬ್ಬರೂ ಸೇರಿದ್ದುದರಿಂದ, ಸಾಮಾನ್ಯ ರೈತನಿಗೆ ತನ್ನ ಮನೆಯ ಕಂಬ, ತೊಲೆ, ಬಾಗಿಲುಗಳನ್ನು ಮಾಡುವವರು ಯಾರೆಂಬ ಪ್ರಶ್ನೆಯೇ ಏಳುತ್ತಿರಲಿಲ್ಲ. ನೇಗಿಲು ಮಾಡಿಕೊಟ್ಟ ಬಡಗಿಯೇ ತೊಟ್ಟಿಲನ್ನೂ ಮಾಡುತ್ತಿದ್ದನು. ಕೆಲಸ ಕೆಟ್ಟರೆ ಮರುವರ್ಷದ ಸುಗ್ಗಿಯಲ್ಲಿ ಅದೇ ಕಣದಲ್ಲಿ ಅದೇ ಮುಖಗಳನ್ನು ಎದುರಿಸಬೇಕಾಗಿದ್ದುದು ಅವನ ಕೆಲಸಕ್ಕೆ ಬರಹವಿಲ್ಲದ ಭರವಸೆಪತ್ರವಾಗಿತ್ತು. ಈ ಭರವಸೆಗೆ ಇನ್ನೊಂದು ಮುಖವೂ ಇತ್ತೆಂಬುದನ್ನು ಚರಿತ್ರೆ ಮರೆಯುವಂತಿಲ್ಲ. ಹುಟ್ಟಿನಿಂದ ಬಂದ ಕಸುಬು ಬಡಗಿಯ ಮಗನಿಗೆ ಬೇರೆ ದಾರಿಯನ್ನು ಮುಚ್ಚುತ್ತಿತ್ತು. ಕಟ್ಟಿಸುವವನಿಗೂ ಊರಿನ ಕೈಯನ್ನು ಬಿಟ್ಟು ಬೇರೆ ಕೈಯನ್ನು ಹುಡುಕುವ ಸ್ವಾತಂತ್ರ್ಯ ಕಡಿಮೆಯಿತ್ತು.

ನಿಜವಾದ ಆಯ್ಕೆ ನಡೆಯುತ್ತಿದ್ದುದು ದೊಡ್ಡ ಮನೆಗಳ ನಿರ್ಮಾಣದಲ್ಲಿ. ಹಳೆಯ ಮೈಸೂರು ಮತ್ತು ಮಲೆನಾಡಿನ ತೊಟ್ಟಿಮನೆ, ತುಳುನಾಡಿನ ಗುತ್ತಿನ ಮನೆ, ಕೊಡಗಿನ ಐನ್‌ಮನೆ, ಉತ್ತರ ಕರ್ನಾಟಕದ ವಾಡೆ ಇಂಥವುಗಳನ್ನು ಕಟ್ಟಿಸುವ ಮನೆತನಗಳು ನೆರೆಯ ಊರುಗಳಲ್ಲಿ ನಿಂತಿರುವ ಮನೆಗಳನ್ನು ನೋಡಿ, ಬೋದಿಗೆಯ ಕೆತ್ತನೆಯನ್ನೂ ಹೆಬ್ಬಾಗಿಲಿನ ಬಿಗುವನ್ನೂ ಪರೀಕ್ಷಿಸಿ, ಮಳೆಗಾಲದಲ್ಲಿ ಆ ತೊಟ್ಟಿಯ ನೀರು ಹೇಗೆ ಹರಿದು ಹೋಗುತ್ತದೆಂಬುದನ್ನು ವಿಚಾರಿಸಿ, ಆಚಾರಿಯನ್ನು ಕರೆಸಿ ವೀಳ್ಯ ಕೊಟ್ಟು ಕೆಲಸವನ್ನು ಒಪ್ಪಿಸುತ್ತಿದ್ದವು. ಬೋದಿಗೆ ಎಂದರೆ ಕಂಬದ ತಲೆಯ ಮೇಲೆ ತೊಲೆಯನ್ನು ಹೊರುವ ಮರದ ಅಥವಾ ಕಲ್ಲಿನ ಚಾಚು. ಕೆತ್ತನೆಗಾರನ ಮಟ್ಟವನ್ನು ಒಂದೇ ನೋಟದಲ್ಲಿ ಅಳೆಯಲು ಅದಕ್ಕಿಂತ ಒಳ್ಳೆಯ ಜಾಗ ಮನೆಯಲ್ಲಿ ಇನ್ನೊಂದಿಲ್ಲ. ವೀಳ್ಯವು ಸಾಮಾಜಿಕವಾಗಿ ಬಿಗಿಯಾದ ಒಪ್ಪಂದವಾಗಿತ್ತು. ಬಾಗಿಲು ನಿಲ್ಲಿಸುವ ಶಾಸ್ತ್ರದಲ್ಲಿ ಮತ್ತು ಗೃಹಪ್ರವೇಶದಲ್ಲಿ ಆಚಾರಿಗೆ ವಸ್ತ್ರ ತಾಂಬೂಲಗಳನ್ನು ಕೊಟ್ಟು ಗೌರವಿಸುವ ಪದ್ಧತಿಯು, ಕೆಲಸವನ್ನು ಮುಗಿಸಿದವನಿಗೆ ಮನೆಯವರು ಸಲ್ಲಿಸುವ ಬಹಿರಂಗ ಮೆಚ್ಚುಗೆಯಾಗಿ ಇಂದಿಗೂ ಅನೇಕ ಕಡೆ ಉಳಿದಿದೆ.

ಮನೆಯನ್ನು ಮನೆಯೊಡೆಯನಿಗೆ ಹೊಂದಿಸುವ ಕೆಲಸವು ಅಳತೆಯಿಂದಲೇ ಆರಂಭವಾಗುತ್ತಿತ್ತು. ಆಯದ ಲೆಕ್ಕ ಎಂದು ಕರೆಯಲಾಗುವ ಪದ್ಧತಿಯಲ್ಲಿ, ಕೋಲು ಮತ್ತು ಅಂಗುಲಗಳಲ್ಲಿ ತೆಗೆದ ಅಳತೆಯನ್ನು ನಿಗದಿತ ಕ್ರಮದಲ್ಲಿ ಗುಣಿಸಿ 8ರಿಂದ ಭಾಗಿಸಿದಾಗ ಉಳಿಯುವ ಶೇಷಕ್ಕೆ ಧ್ವಜ, ಧೂಮ, ಸಿಂಹ, ಶ್ವಾನ, ವೃಷಭ, ಖರ, ಗಜ, ಕಾಕ ಎಂಬ ಹೆಸರುಗಳಿದ್ದು, ಧ್ವಜ, ಸಿಂಹ, ವೃಷಭ, ಗಜ ಎಂಬ ಬೆಸ ಶೇಷಗಳು ಮಾತ್ರ ಶುಭವೆನಿಸಿದ್ದವು. ಈ ಲೆಕ್ಕದ ಫಲಾಫಲಗಳಲ್ಲಿ ನಂಬಿಕೆಯಿಡುವುದು ಬಿಡುವುದು ಬೇರೆ ಮಾತು. ಆದರೆ ಅದರ ಫಲವಾಗಿ ಪ್ರತಿಯೊಂದು ಮನೆಯ ಅಳತೆಯನ್ನೂ ಆಚಾರಿಯು ಆ ಜಾಗದಲ್ಲಿಯೇ ನಿಂತು, ಮನೆಯವರ ಎದುರಿನಲ್ಲಿಯೇ ಹೊಸದಾಗಿ ಹಾಕಬೇಕಾಗುತ್ತಿತ್ತು ಎಂಬುದು ಗಮನಾರ್ಹ.

ಈ ಮನೆಗಳ ಒಳಗು ಸಾಮಾನುಗಳಿಂದ ತುಂಬಿರುತ್ತಿರಲಿಲ್ಲ, ಏಕೆಂದರೆ ಇಂದು ಸಾಮಾನೆಂದು ಕೊಳ್ಳುವ ಬಹುಪಾಲು ವಸ್ತುಗಳು ಅಂದು ಕಟ್ಟಡದ ಅಂಗಗಳೇ ಆಗಿದ್ದವು. ಜಗಲಿಯು ಕೂರುವ ಪೀಠವೂ ಹೌದು, ಬಂದವರು ಮಲಗುವ ಜಾಗವೂ ಹೌದು. ಗೋಡೆಯ ಗೂಡು ದೀಪಕ್ಕೆ, ಗೂಟ ಬಟ್ಟೆಗೆ, ಎತ್ತರದ ನಾಗಂದಿಗೆ ಅಪರೂಪಕ್ಕೆ ಬಳಸುವ ಪಾತ್ರೆಗಳಿಗೆ, ಅಟ್ಟ ಕಟ್ಟಿಗೆ ಕಾಯಿಗಳಿಗೆ, ಕಣಜ ಧಾನ್ಯಕ್ಕೆ ಮೀಸಲಾಗಿದ್ದವು. ಕೊಡಗಿನ ಐನ್‌ಮನೆಯ ಜಗಲಿಯಲ್ಲಿ ಕಂಬಗಳ ನಡುವೆ ಹಾಸಿದ ಐಮರವೆಂಬ ದಪ್ಪ ಹಲಗೆಯು ಹಿರಿಯರ ಪೀಠವಾಗಿತ್ತು. ಒಳಗಿನ ನೆಲ್ಲಕ್ಕಿ ನಡುಬಾಡೆ ಎಂಬ ನಡುಮನೆಯು ದೀಪವಿಟ್ಟು ಪೂರ್ವಿಕರನ್ನು ನೆನೆಯುವ ಸ್ಥಳವಾಗಿತ್ತು. ಕುಟುಂಬದ ಬದುಕಿನ ಕ್ರಮವನ್ನು ಚೆನ್ನಾಗಿ ಬಲ್ಲವನು ಮಾತ್ರ ಇಂಥ ಒಳಾಂಗಣವನ್ನು ರೂಪಿಸಬಲ್ಲನಾದ್ದರಿಂದ, ಆಚಾರಿಯನ್ನು ಆರಿಸುವಾಗ ಅವನಿಗೆ ಆ ಸೀಮೆಯ ನಡೆನುಡಿಗಳ ಪರಿಚಯವಿರಬೇಕೆಂಬ ಅಪೇಕ್ಷೆ ಸಹಜವಾಗಿತ್ತು.

ಒಳಾಂಗಣದ ಅಲಂಕಾರದಲ್ಲಿ ಹೆಣ್ಣುಮಕ್ಕಳ ಪಾತ್ರವನ್ನು ಈ ಚರಿತ್ರೆಯಲ್ಲಿ ಪ್ರತ್ಯೇಕವಾಗಿ ಎತ್ತಿ ಹೇಳಬೇಕಾಗಿದೆ. ಸಾಗರ ಮತ್ತು ಅದರ ಸುತ್ತಲಿನ ಮಲೆನಾಡಿನ ದೀವರ ಸಮುದಾಯದ ಮನೆಗಳಲ್ಲಿ ಕೆಮ್ಮಣ್ಣು ಬಳಿದ ಗೋಡೆಯ ಮೇಲೆ ಅಕ್ಕಿಹಿಟ್ಟಿನ ಬಿಳಿಬಣ್ಣದಿಂದ, ಪುಂಡಿನಾರಿನ ಕುಂಚದಲ್ಲಿ ಬರೆಯುವ ಹಸೆ ಚಿತ್ತಾರವು ಮದುವೆಯ ಮನೆಗೆ ಅನಿವಾರ್ಯವಾದ ಅಲಂಕಾರವಾಗಿದ್ದು, ಅದನ್ನು ಬರೆಯುವಲ್ಲಿ ಪಳಗಿದ ಚಿತ್ತಾರಗಿತ್ತಿಯನ್ನು ಮನೆಯವರು ಗೌರವದಿಂದ ಕರೆಸಿಕೊಳ್ಳುತ್ತಿದ್ದರು. ನೂಲೆಳೆಯಷ್ಟು ಸಣ್ಣ ಗೆರೆಗಳನ್ನು ಸಮಾನ ಅಂತರದಲ್ಲಿ ಎಳೆಯುವ ಈ ವಿದ್ಯೆಯು ತಾಯಿಯಿಂದ ಮಗಳಿಗೆ, ಅತ್ತೆಯಿಂದ ಸೊಸೆಗೆ ಸಾಗಿಬಂದಿದೆ. ಬಾದಾಮಿ ಮತ್ತು ಹಂಪಿಯ ಶಿಲ್ಪಿಗಳ ಹೆಸರುಗಳನ್ನು ಹುಡುಕುವ ಶ್ರದ್ಧೆಯಲ್ಲಿ ಒಂದು ಪಾಲನ್ನಾದರೂ ಈ ಮಹಿಳೆಯರಿಗಾಗಿ ವ್ಯಯಿಸಿದ್ದರೆ, ಕನ್ನಡ ನಾಡಿನ ಒಳಾಂಗಣ ಕಲೆಯ ಚರಿತ್ರೆ ಇಂದಿಗಿಂತ ಹೆಚ್ಚು ಪೂರ್ಣವಾಗಿರುತ್ತಿತ್ತು.

ಒಂದೇ ಕೈಯಲ್ಲಿದ್ದ ಹೊಣೆ ಹಲವು ಕೈಗಳಿಗೆ ಹಂಚಿಹೋದದ್ದು 19ನೆಯ ಶತಮಾನದಲ್ಲಿ. 1809ರಲ್ಲಿ ಬೆಂಗಳೂರಿನ ದಂಡು ಪ್ರದೇಶ ಸ್ಥಾಪನೆಯಾದ ಮೇಲೆ ಅಲ್ಲಿ ಬೆಳೆದ ಬಂಗಲೆಗಳು ಊಟದ ಕೋಣೆ, ಓದುವ ಕೋಣೆ, ಮಲಗುವ ಕೋಣೆ ಎಂದು ಬಳಕೆಗೊಂದರಂತೆ ಕೋಣೆಗಳನ್ನು ಬೇರ್ಪಡಿಸಿ, ಪ್ರತಿಯೊಂದಕ್ಕೂ ಮೇಜು, ಕುರ್ಚಿ, ಕಪಾಟುಗಳನ್ನು ಬೇಡಿದವು. 1865ರಲ್ಲಿ ಬಾಸೆಲ್ ಮಿಶನ್ನಿನ ಜಾರ್ಜ್ ಪ್ಲೆಬ್ಸ್ಟ್ ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆಯನ್ನು ಆರಂಭಿಸಿದ ಮೇಲೆ, ಎಲ್ಲ ಊರುಗಳಿಗೂ ಒಂದೇ ಅಳತೆಯ ಹೆಂಚು ಸಿಗತೊಡಗಿ, ಮಾಡಿನ ಮರಗೆಲಸವು ಆ ಅಳತೆಗೆ ತಕ್ಕಂತೆ ಬದಲಾಯಿತು. ಅದುವರೆಗೆ ಆಚಾರಿಯ ಕೋಲಿನಿಂದ ಹುಟ್ಟುತ್ತಿದ್ದ ಅಳತೆಯನ್ನು ಇನ್ನು ಮುಂದೆ ಕಾರ್ಖಾನೆಯ ಅಚ್ಚು ನಿರ್ಧರಿಸುವಂತಾಯಿತು. ವೃತ್ತಿಯ ಒಡಕಿಗೆ ಇದು ಮುಖ್ಯ ಕಾರಣಗಳಲ್ಲಿ ಒಂದು.

ಈ ಬದಲಾವಣೆಯ ಅತ್ಯಂತ ವೈಭವದ ಉದಾಹರಣೆ ಮೈಸೂರು ಅರಮನೆ. 1897ರಲ್ಲಿ ರಾಜಕುಮಾರಿ ಜಯಲಕ್ಷಮ್ಮಣ್ಣಿಯವರ ಮದುವೆಯ ಸಂದರ್ಭದಲ್ಲಿ ಹಳೆಯ ಮರದ ಅರಮನೆಯು ಬೆಂಕಿಗೆ ಆಹುತಿಯಾದಾಗ, ಹೊಸ ಅರಮನೆಯ ವಿನ್ಯಾಸವನ್ನು ಶಿಮ್ಲಾದ ವೈಸರಾಯ್ ನಿವಾಸವನ್ನು ರೂಪಿಸಿದ್ದ ಹೆನ್ರಿ ಇರ್ವಿನ್ ಅವರಿಗೆ ವಹಿಸಲಾಯಿತು. ಆದರೆ 1912ರಲ್ಲಿ ಪೂರ್ಣಗೊಂಡ ಆ ಕಟ್ಟಡವು ಒಬ್ಬರ ಸೃಷ್ಟಿಯಲ್ಲ. ನಿರ್ಮಾಣದ ಉಸ್ತುವಾರಿ ಹೊತ್ತ ಅರಮನೆಯ ಎಂಜಿನಿಯರ್ ಬಿ.ಪಿ. ರಾಘವುಲು ನಾಯ್ಡು ಅವರು ದೆಹಲಿ, ಮದರಾಸು, ಕಲ್ಕತ್ತೆಗಳಿಗೆ ಹೋಗಿ ಅಲ್ಲಿನ ಕಟ್ಟಡಗಳನ್ನು ಅಧ್ಯಯನ ಮಾಡಿ ಬಂದರು. ಕಲ್ಯಾಣ ಮಂಟಪದ ಎರಕದ ಕಬ್ಬಿಣದ ಕಂಬಗಳು ಸ್ಕಾಟ್ಲೆಂಡಿನ ಗ್ಲಾಸ್ಗೋದಿಂದ ಬಂದವು. ಅದರ ಚಾವಣಿಯ ಬಣ್ಣದ ಗಾಜು ಗ್ಲಾಸ್ಗೋದಲ್ಲಿಯೇ ತಯಾರಾದರೂ ಅದರ ನವಿಲಿನ ವಿನ್ಯಾಸವನ್ನು ಬರೆದವರು ಮೈಸೂರಿನ ಕಲಾವಿದರು. ಬೀಟೆಮರದಲ್ಲಿ ದಂತವನ್ನು ಕೂರಿಸಿದ ಬಾಗಿಲು ಮೈಸೂರಿನ ಕುಸುರಿ ಪರಂಪರೆಗೆ ಸೇರಿದ್ದು. ಸುಮಾರು 41 ಲಕ್ಷದ 48 ಸಾವಿರ ರೂಪಾಯಿಗಳ ಈ ಕಾರ್ಯದಲ್ಲಿ ವಾಸ್ತುಶಿಲ್ಪಿ, ಎಂಜಿನಿಯರ್, ಚಿತ್ರಕಾರ, ಕುಸುರಿಗಾರ, ದೂರದ ಕಾರ್ಖಾನೆ ಎಲ್ಲರೂ ಬೇರೆ ಬೇರೆಯಾಗಿದ್ದರೂ, ಸ್ಥಳದಲ್ಲಿ ನಿಂತು ಎಲ್ಲವನ್ನೂ ಹೊಂದಿಸುವ ಒಂದು ಕಣ್ಣು ಇದ್ದುದರಿಂದಲೇ ಒಳಾಂಗಣಕ್ಕೆ ಏಕತೆ ಬಂದಿತು. ಅರಸರಿಗೆ ಸಾಧ್ಯವಾದ ಈ ವ್ಯವಸ್ಥೆ ಸಾಮಾನ್ಯ ಗೃಹಸ್ಥನಿಗೆ ಸುಲಭವಾಗಿ ಸಿಗಲಿಲ್ಲವೆಂಬುದೇ ಮುಂದಿನ ನೂರು ವರ್ಷಗಳ ಕಥೆ.

1898ರ ಪ್ಲೇಗ್ ಪಿಡುಗಿನ ನಂತರ ಬೆಂಗಳೂರಿನಲ್ಲಿ ಬೆಳೆದ ಬಸವನಗುಡಿ, ಮಲ್ಲೇಶ್ವರ ಬಡಾವಣೆಗಳಲ್ಲಿ ನೌಕರರು, ವಕೀಲರು, ಅಧ್ಯಾಪಕರು ಮನೆ ಕಟ್ಟಿಸತೊಡಗಿದಾಗ, ಆಚಾರಿಯ ಸ್ಥಾನಕ್ಕೆ ಮೇಸ್ತ್ರಿ ಬಂದನು. ಗಾರೆ ಕೆಲಸದವರ ಮುಂದಾಳುವಾದ ಮೇಸ್ತ್ರಿಯು ಕೂಲಿ ಗುತ್ತಿಗೆಯಲ್ಲಿ, ಅಂದರೆ ಸಾಮಗ್ರಿಯನ್ನು ಮನೆಯೊಡೆಯನೇ ತಂದುಕೊಟ್ಟು ಕೆಲಸದ ಕೂಲಿಯನ್ನು ಮಾತ್ರ ಗೊತ್ತುಮಾಡುವ ಒಪ್ಪಂದದಲ್ಲಿ, ಮನೆಯನ್ನು ಕಟ್ಟಿಕೊಡುತ್ತಿದ್ದನು. ಕರಣೆಯಿಂದ ತೀಡಿ ತೀಡಿ ಕನ್ನಡಿಯಂತೆ ಹೊಳೆಯಿಸಿದ ರೆಡ್ ಆಕ್ಸೈಡ್ ನೆಲ, ಅಡುಗೆಮನೆಯ ಕಡಪ ಕಲ್ಲಿನ ಕಟ್ಟೆ, ಗೋಡೆಯೊಳಗೇ ಹುದುಗಿಸಿದ ಮರದ ಬಾಗಿಲಿನ ಕಪಾಟು, ಪಡಸಾಲೆಯ ತೂಗುಮಣೆ ಇವು ಆ ಕಾಲದ ಮಧ್ಯಮ ವರ್ಗದ ಒಳಾಂಗಣದ ಗುರುತುಗಳು. ಆ ನೆಲವನ್ನು ಹಾಕುವ ಕೈ ಎಲ್ಲ ಮೇಸ್ತ್ರಿಗಳಿಗೂ ಕೂಡಿಬರುತ್ತಿರಲಿಲ್ಲವಾದ್ದರಿಂದ, ಬಂಧುಗಳ ಮನೆಯ ನೆಲವನ್ನು ನೋಡಿ ಅದನ್ನು ಹಾಕಿದವನನ್ನೇ ಹುಡುಕಿ ಕರೆತರುವುದು ವಾಡಿಕೆಯಾಗಿತ್ತು; ನಿಂತ ಕೆಲಸವನ್ನು ನೋಡಿ ಆರಿಸುವ ಹಳೆಯ ಕ್ರಮವು ಹೊಸ ಬಡಾವಣೆಯಲ್ಲಿಯೂ ಹೀಗೆ ಮುಂದುವರಿಯಿತು.

ವಿಧಿವತ್ತಾಗಿ ಶಿಕ್ಷಣ ಪಡೆದ ವಾಸ್ತುಶಿಲ್ಪಿಗಳು ಈ ನಾಡಿನಲ್ಲಿ ಪ್ರಭಾವ ಬೀರತೊಡಗಿದ್ದು 20ನೆಯ ಶತಮಾನದ ನಡುಭಾಗಕ್ಕೆ. ನಾಜಿ ಜರ್ಮನಿಯಿಂದ ಹೊರಬಂದು 1939ರಲ್ಲಿ ಮೈಸೂರು ಸಂಸ್ಥಾನದ ಮುಖ್ಯ ವಾಸ್ತುಶಿಲ್ಪಿಯಾದ ಆಟ್ಟೊ ಕೋನಿಗ್ಸ್‌ಬರ್ಗರ್ ಅವರು ಇಲ್ಲಿನ ಬಿಸಿಲು, ಗಾಳಿ, ಮಳೆಗಳನ್ನು ಅರಿತು ವಿನ್ಯಾಸ ಮಾಡುವ ಕ್ರಮಕ್ಕೆ ಶಾಸ್ತ್ರೀಯ ರೂಪ ಕೊಟ್ಟರು. ಸ್ವಾತಂತ್ರ್ಯಾನಂತರ 1972ರಲ್ಲಿ ಜಾರಿಗೆ ಬಂದ ವಾಸ್ತುಶಿಲ್ಪಿಗಳ ಕಾಯ್ದೆಯು ವಾಸ್ತುಶಿಲ್ಪ ಮಂಡಳಿಯಲ್ಲಿ ನೋಂದಾಯಿಸಿಕೊಂಡವರು ಮಾತ್ರ ಆ ವೃತ್ತಿನಾಮವನ್ನು ಬಳಸಬೇಕೆಂದು ವಿಧಿಸಿತು. ಅದೇ ವರ್ಷ ಭಾರತೀಯ ಒಳಾಂಗಣ ವಿನ್ಯಾಸಕರ ಸಂಸ್ಥೆಯೂ ಹುಟ್ಟಿಕೊಂಡಿತು. ಆದರೆ ಎರಡರ ನಡುವೆ ಮುಖ್ಯವಾದ ಅಂತರವಿದೆ. ವಾಸ್ತುಶಿಲ್ಪಿ ಎಂಬ ಹೆಸರಿಗೆ ಕಾಯ್ದೆಯ ರಕ್ಷಣೆ ದೊರೆತರೆ, ಒಳಾಂಗಣ ವಿನ್ಯಾಸಕ ಎಂಬ ಹೆಸರಿಗೆ ಅಂಥ ರಕ್ಷಣೆ ದೊರೆಯಲಿಲ್ಲ. ಒಳಾಂಗಣ ವಿನ್ಯಾಸಕರ ಸಂಸ್ಥೆಯ ಸದಸ್ಯತ್ವ ಸ್ವಇಚ್ಛೆಯದು. ಹೀಗಾಗಿ ವರ್ಷಗಟ್ಟಲೆ ಓದಿದ ಪದವೀಧರರೂ, ಅನುಭವದಿಂದ ಪಳಗಿದ ಬಡಗಿಯೂ, ಪೀಠೋಪಕರಣದ ವ್ಯಾಪಾರಿಯೂ ಒಂದೇ ಹೆಸರಿನ ಫಲಕವನ್ನು ಹಾಕಿಕೊಳ್ಳಬಹುದಾಯಿತು, ಮತ್ತು ಅವರ ನಡುವಿನ ವ್ಯತ್ಯಾಸವನ್ನು ಕಂಡುಹಿಡಿಯುವ ಹೊರೆ ಪೂರ್ತಿಯಾಗಿ ಮನೆಯೊಡೆಯನ ಮೇಲೆ ಬಿದ್ದಿತು.

ಇದೇ ವೇಳೆಗೆ ಸಾಮಗ್ರಿಯೂ ಬದಲಾಯಿತು. ತೇಗ, ಬೀಟೆ, ಹೊನ್ನೆ, ಹಲಸುಗಳ ಗಟ್ಟಿಮರ ದುಬಾರಿಯೂ ವಿರಳವೂ ಆದಂತೆ, ತೆಳುವಾದ ಮರದ ಹಾಳೆಗಳನ್ನು ಅಡ್ಡುದ್ದ ಅಂಟಿಸಿ ಒತ್ತಿ ತಯಾರಿಸುವ ಪ್ಲೈವುಡ್ ಮನೆಯೊಳಗೆ ಬಂದಿತು. ಅದರ ಸಂಶೋಧನೆಗಾಗಿ ಬೆಂಗಳೂರಿನಲ್ಲಿಯೇ ಒಂದು ರಾಷ್ಟ್ರೀಯ ಸಂಸ್ಥೆ ಬೆಳೆಯಿತು. ಗಟ್ಟಿಮರದ ಗುಣವನ್ನು ಬಣ್ಣ, ತೂಕ, ವಾಸನೆಗಳಿಂದ ಹಳ್ಳಿಯ ಯಜಮಾನನೂ ತಿಳಿಯಬಲ್ಲವನಾಗಿದ್ದನು. ಲ್ಯಾಮಿನೇಟಿನ ಮೆರುಗಿನಡಿ ಮುಚ್ಚಿಹೋದ ಪ್ಲೈವುಡ್ಡಿನ ಗುಣವಾದರೋ ಕಣ್ಣಿಗೆ ಕಾಣುವುದಿಲ್ಲ; ಸಾಮಾನ್ಯ ಬಳಕೆಯ ಪ್ಲೈವುಡ್ಡಿಗೆ ಐಎಸ್ 303, ನೀರನ್ನು ಹೆಚ್ಚು ತಡೆಯುವ ಮರೀನ್ ಪ್ಲೈವುಡ್ಡಿಗೆ ಐಎಸ್ 710 ಎಂಬ ಭಾರತೀಯ ಮಾನಕಗಳ ಗುರುತನ್ನು ಹಾಳೆಯ ಮೇಲೆ ನೋಡಿಯೇ ನಂಬಬೇಕು. 1990ರ ದಶಕದ ನಂತರ ಮಾಹಿತಿ ತಂತ್ರಜ್ಞಾನದ ಉದ್ಯೋಗಗಳೊಂದಿಗೆ ಬೆಂಗಳೂರಿನಲ್ಲಿ ಬಹುಮಹಡಿ ಮನೆಗಳು ಹೆಚ್ಚಿದಾಗ, ಕಟ್ಟಿ ಮುಗಿದ ಬರಿಯ ಗೋಡೆಗಳನ್ನು ಕೊಂಡು ಒಳಾಂಗಣವನ್ನು ಪ್ರತ್ಯೇಕವಾಗಿ ಮಾಡಿಸುವ ಪದ್ಧತಿ ನೆಲೆಯೂರಿತು. ರಾಜಸ್ಥಾನದಿಂದ ಬಂದ ಬಡಗಿಗಳ ತಂಡಗಳು, ಕಾರ್ಖಾನೆಯಲ್ಲಿ ತಯಾರಾಗಿ ಬರುವ ಮಾಡ್ಯುಲರ್ ಅಡುಗೆಮನೆಗಳು, ನಕ್ಷೆಯಿಂದ ಪರದೆಯವರೆಗೆ ಎಲ್ಲವನ್ನೂ ಒಪ್ಪಿಕೊಳ್ಳುವ ಕಂಪನಿಗಳು ಈ ಹಂತದವು. ಸಾವಿರದ ಇನ್ನೂರಕ್ಕೂ ಹೆಚ್ಚು ವರ್ಷಗಳ ಹಿಂದೆ ಸರ್ವಸಿದ್ಧಿ ಆಚಾರಿಯಲ್ಲಿ ಒಂದಾಗಿದ್ದ ವಾಸ್ತು ಮತ್ತು ಶಯನಾಸನಗಳು ಹೀಗೆ ಪೂರ್ತಿಯಾಗಿ ಬೇರ್ಪಟ್ಟವು.

ಈ ದೀರ್ಘ ಚರಿತ್ರೆಯು ಇಂದಿನ ಆಯ್ಕೆಗೆ ಕೊಡುವ ಪಾಠಗಳು ಸ್ಪಷ್ಟವಾಗಿವೆ. ಬೋದಿಗೆಯನ್ನು ಮುಟ್ಟಿ ನೋಡಿ ಆಚಾರಿಯನ್ನು ಆರಿಸಿದ ಕ್ರಮವು ಹೇಳುವುದೇನೆಂದರೆ, ಗಣಕಯಂತ್ರದಲ್ಲಿ ತಯಾರಿಸಿದ ಅಂದದ ಚಿತ್ರಗಳಿಗಿಂತ, ವಿನ್ಯಾಸಕರು ಮಾಡಿದ ಮತ್ತು ಕನಿಷ್ಠ ಎರಡು ಮೂರು ಮಳೆಗಾಲಗಳನ್ನು ಕಂಡ ಮನೆಯನ್ನು ಪ್ರತ್ಯಕ್ಷ ನೋಡುವುದು ಹೆಚ್ಚು ನಂಬಲರ್ಹ. ತೇವಕ್ಕೆ ಉಬ್ಬಿದ ಅಡುಗೆಮನೆಯ ಕಪಾಟು, ಜೋತುಬಿದ್ದ ಬಾಗಿಲು ಇವು ಚಿತ್ರದಲ್ಲಿ ಕಾಣುವುದಿಲ್ಲ. ಜಾಗದಲ್ಲಿ ನಿಂತು ಕೋಲು ಹಾಕುತ್ತಿದ್ದ ಪದ್ಧತಿಯು ಹೇಳುವುದೇನೆಂದರೆ, ಮನೆಗೆ ಬಂದು ಅಳತೆ ತೆಗೆಯದೆ, ಮನೆಯಲ್ಲಿ ಯಾರು ಯಾರಿದ್ದಾರೆ, ಅಡುಗೆ ಮಾಡುವವರ ಎತ್ತರವೆಷ್ಟು, ಹಿರಿಯರು ರಾತ್ರಿ ಎದ್ದು ಹೋಗುವ ದಾರಿ ಯಾವುದು, ಪೂಜೆಯ ಮತ್ತು ಹಬ್ಬದ ಕ್ರಮವೇನು ಎಂಬುದನ್ನು ಕೇಳದೆ, ದರಪಟ್ಟಿಯನ್ನು ಮುಂದಿಡುವವರು ವಿನ್ಯಾಸಕರಲ್ಲ, ಮಾರಾಟಗಾರರು. ಊರಿನ ಕಣವಾಗಲಿ ವೀಳ್ಯದ ಕಟ್ಟಾಗಲಿ ಈಗ ಇಲ್ಲದಿರುವುದರಿಂದ ಅವುಗಳ ಸ್ಥಾನವನ್ನು ಬರಹವೇ ತುಂಬಬೇಕು: ಪ್ರತಿಯೊಂದು ಕೆಲಸದ ಅಳತೆ, ಸಾಮಗ್ರಿಯ ಹೆಸರು ಮತ್ತು ಮಾನಕ, ದರ, ಹಣ ಪಾವತಿಯ ಹಂತಗಳು, ಮುಗಿಸುವ ದಿನ, ಮುಗಿದ ಮೇಲಿನ ದುರಸ್ತಿಯ ಹೊಣೆ ಇವೆಲ್ಲವೂ ಒಪ್ಪಂದದಲ್ಲಿ ಇರಬೇಕು.

ಆಸೆಬುರುಕನಲ್ಲದ ಸ್ಥಪತಿಯನ್ನು ಕೇಳಿದ ಮಯಮತದ ಮಾತು ಇಂದು ಸಂಭಾವನೆಯ ಪ್ರಶ್ನೆಯಾಗಿ ಉಳಿದಿದೆ. ವಿನ್ಯಾಸಕರ ಸಂಭಾವನೆಯನ್ನು ಒಟ್ಟು ಮೊತ್ತವಾಗಿಯೋ, ಚದರಡಿಯ ಲೆಕ್ಕದಲ್ಲಿಯೋ, ಒಟ್ಟು ವೆಚ್ಚದ ಶೇಕಡಾವಾರು ಪಾಲಾಗಿಯೋ ನಿಗದಿಪಡಿಸುವುದುಂಟು. ಶೇಕಡಾವಾರು ಪದ್ಧತಿಯಲ್ಲಿ ವೆಚ್ಚ ಏರಿದಷ್ಟೂ ಸಂಭಾವನೆ ಏರುತ್ತದೆ. ಅಂಗಡಿಯಿಂದ ದಲ್ಲಾಳಿ ಹಣ ಪಡೆಯುವ ಅಭ್ಯಾಸವಿದ್ದರೆ ಸಲಹೆಯು ಮನೆಯೊಡೆಯನ ಹಿತವನ್ನು ಬಿಟ್ಟು ಅಂಗಡಿಯ ಹಿತದ ಕಡೆಗೆ ವಾಲುತ್ತದೆ. ಆದ್ದರಿಂದ ಈ ವಿಷಯವನ್ನು ಮೊದಲ ಮಾತುಕತೆಯಲ್ಲಿಯೇ ಸಂಕೋಚವಿಲ್ಲದೆ ಕೇಳುವುದು ಅವಿಶ್ವಾಸದ ಲಕ್ಷಣವಲ್ಲ, ಹಳೆಯ ಶಾಸ್ತ್ರವೇ ವಿಧಿಸಿದ ಪರೀಕ್ಷೆ. ಅದೇ ರೀತಿ, ಅಂಟು ಕುದಿಸುವ ವಿಧಾನವನ್ನು ಅರಿತಿದ್ದ ಸೋಮೇಶ್ವರನಂತೆ, ಮನೆಯೊಡೆಯರೂ ಸಾಮಗ್ರಿಗಳ ಬಗ್ಗೆ ಅಷ್ಟಿಷ್ಟಾದರೂ ತಿಳಿದುಕೊಳ್ಳುವುದು ಅಗತ್ಯ. ತಿಳಿಯದವರಿಗೆ ಒಳ್ಳೆಯ ವಿನ್ಯಾಸಕರು ಸಿಕ್ಕರೂ ಅವರ ಒಳ್ಳೆಯತನದ ಬೆಲೆ ತಿಳಿಯುವುದಿಲ್ಲ.

ಪಟ್ಟದಕಲ್ಲಿನ ಶಾಸನವು ಕಟ್ಟಿಸಿದವರ ಜೊತೆಗೆ ಕಟ್ಟಿದವರ ಹೆಸರನ್ನೂ ಕಲ್ಲಿನಲ್ಲಿ ಉಳಿಸಿತು. ತಾನು ಮಾಡಿದ ಕೆಲಸದ ಮೇಲೆ ತನ್ನ ಹೆಸರು ನಿಲ್ಲಲೆಂದು ಬಯಸುವ, ಆ ಹೆಸರಿಗೆ ಕುಂದು ಬಾರದಂತೆ ಕೊನೆಯ ಮೊಳೆಯವರೆಗೆ ಸ್ಥಳದಲ್ಲಿ ನಿಲ್ಲುವ ವ್ಯಕ್ತಿಯೇ ಮನೆಯ ಒಳಗನ್ನು ರೂಪಿಸಲು ಯೋಗ್ಯ. ಅಂಥವರನ್ನು ಆರಿಸಿದ ಮನೆಯವರು, ಕೆಲಸ ಮುಗಿದ ದಿನ ಅವರಿಗೂ ಅವರ ಕೈಕೆಳಗಿನ ಬಡಗಿ, ಗಾರೆಯವರಿಗೂ ಸಲ್ಲಬೇಕಾದ ಹಣವನ್ನು ಬಾಕಿಯಿಲ್ಲದೆ ಕೊಟ್ಟು, ಗೃಹಪ್ರವೇಶದ ತಾಂಬೂಲವನ್ನು ಎಲ್ಲರಿಗಿಂತ ಮೊದಲು ಅವರ ಕೈಗೇ ಕೊಡಬೇಕು.